ಮಕ್ಕಳ ಜೀರ್ಣಾಂಗದ ಕಾಯಿಲೆಗಳಲ್ಲಿ ಮನಃಶಾಸ್ತ್ರದ ಪೋಸ್ಟ್‌ಡಾಕ್ಟರಲ್ ತರಬೇತಿ: ಕೋಲಾರದಿಂದ ಸಿದ್ಧರಾಗುವ ಬಗೆ

ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌.ಡಿ. ಮುಗಿಸಿ, ಮರುಕಳಿಸುವ ಹೊಟ್ಟೆನೋವು, ಮಲಬದ್ಧತೆ, ಕರುಳಿನಲ್ಲಿ ದೀರ್ಘಕಾಲದ ಉರಿಯೂತ ತರುವ ಕ್ರೋನ್ಸ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಮುಂತಾದ ತೊಂದರೆಗಳಿರುವ ಮಕ್ಕಳೊಂದಿಗೆ ಕೆಲಸ ಮಾಡಬೇಕೆಂದಿರುವವರು, ತಮಗೆ ಬೇಕಿರುವುದು ಚಿಕಿತ್ಸೆಯ ತರಬೇತಿಯೋ ಸಂಶೋಧನೆಯ ತರಬೇತಿಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಎರಡರ ದಾರಿಯೂ ಬೇರೆ, ಅರ್ಜಿಯೂ ಬೇರೆ.

ಅಮೆರಿಕದ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ನಡೆಯುವ ಚಿಕಿತ್ಸಾ ಫೆಲೋಶಿಪ್‌ಗಳು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದವು. ಡಾಕ್ಟರೇಟ್ ಜೊತೆಗೆ ಒಂದು ವರ್ಷದ ಮಾನ್ಯತೆ ಪಡೆದ ಇಂಟರ್ನ್‌ಶಿಪ್ ಮುಗಿದಿರಬೇಕೆಂದು ಅವುಗಳಲ್ಲಿ ಹೆಚ್ಚಿನವು ಕೇಳುವುದರಿಂದ, ಇಲ್ಲಿ ಪಿಎಚ್‌.ಡಿ. ಮಾಡಿದವರಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ವಿದೇಶಿ ಪದವೀಧರರಿಗೆ ಸಂಶೋಧನಾ ಹುದ್ದೆಗಳೇ ಹೆಚ್ಚು ಎಟುಕುತ್ತವೆ. ಭಾರತದಲ್ಲಿ ಇದೇ ಹೆಸರಿನ ಕೋರ್ಸಿಗಾಗಿ ಕಾಯುವುದಕ್ಕಿಂತ, ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ (ಐಸಿಎಸ್‌ಎಸ್‌ಆರ್) ಎರಡು ವರ್ಷಗಳ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ನಂಥ ನೆರವು ಪಡೆದು, ಬೆಂಗಳೂರಿನಲ್ಲಿ ಮಕ್ಕಳ ಗ್ಯಾಸ್ಟ್ರೋಎಂಟರಾಲಜಿ ತಜ್ಞರೊಬ್ಬರನ್ನೂ ಅನುಭವಿ ಮನಃಶಾಸ್ತ್ರಜ್ಞರೊಬ್ಬರನ್ನೂ ಜಂಟಿ ಮಾರ್ಗದರ್ಶಕರನ್ನಾಗಿ ಒಪ್ಪಿಸಿಕೊಳ್ಳುವುದು ಮೇಲು. ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ದಿನವೂ ಹೋಗಿಬರುವವರಿಗೇನೂ ಕೊರತೆಯಿಲ್ಲ. ಆದರೆ ಒಂದು ಎಚ್ಚರ: ಪಿಎಚ್‌.ಡಿ. ಇದ್ದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಿಗುವುದಿಲ್ಲ. ಪರಿಷತ್ತು ಮಾನ್ಯ ಮಾಡಿದ ಕ್ಲಿನಿಕಲ್ ತರಬೇತಿ ಇಲ್ಲದವರು ಆ ಕೊರತೆಯನ್ನು ಮೊದಲು ತುಂಬಿಕೊಳ್ಳಬೇಕು.

ಸಂಸ್ಥೆಯನ್ನು ಆರಿಸುವಾಗ ಅದರ ಹೆಸರಿಗೆ ಮರುಳಾಗದೆ, ಮನಃಶಾಸ್ತ್ರಜ್ಞರು ಕೂರುವುದೆಲ್ಲಿ ಎಂದು ಕೇಳಿ. ಗ್ಯಾಸ್ಟ್ರೋ ಒಪಿಡಿಯಲ್ಲೇ ವೈದ್ಯರು, ಆಹಾರತಜ್ಞರು, ನರ್ಸ್‌ಗಳ ಜೊತೆ ಕುಳಿತು ಅದೇ ದಿನ ಮಗುವನ್ನು ನೋಡುವ ಕಡೆ ಕಲಿಯುವುದಕ್ಕೂ, ಎಲ್ಲ ಪರೀಕ್ಷೆಗಳೂ ‘ನಾರ್ಮಲ್’ ಬಂದಮೇಲೆ ಮಗುವನ್ನು ಬೇರೆ ಕಟ್ಟಡಕ್ಕೆ ಕಳುಹಿಸುವ ಕಡೆ ಕಲಿಯುವುದಕ್ಕೂ ಅಜಗಜಾಂತರವಿದೆ. ಎರಡನೆಯ ಕಡೆ ತಾಯಿತಂದೆಯರು ಬರುವುದೇ ‘ನಮ್ಮ ಮಗು ನಾಟಕ ಮಾಡುತ್ತಿದೆ ಅಂತೀರಾ?’ ಎಂಬ ಮುನಿಸಿನಿಂದ. ವೈಯಕ್ತಿಕ ಮೇಲ್ವಿಚಾರಣೆ ವಾರಕ್ಕೆ ಎಷ್ಟು ಗಂಟೆ ಎಂಬುದನ್ನೂ ಕೇಳಬೇಕು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆಯಿರುವ ಕಡೆ ಅದು ಕನಿಷ್ಠ ಎರಡು ಗಂಟೆ ಇರಬೇಕು.

ಸಿದ್ಧತೆಯ ತಿರುಳು ಮಾತ್ರ ಜಿಲ್ಲೆಯಲ್ಲೇ ಇದೆ. ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲೋ ಮಕ್ಕಳ ವಿಭಾಗದ ಮುಖ್ಯಸ್ಥರ ಲಿಖಿತ ಅನುಮತಿ ಕೇಳಿ, ಒಪಿಡಿಯಲ್ಲಿ ಕುಳಿತು ಗಮನಿಸುವುದರಿಂದ ಆರಂಭಿಸಬಹುದು. ಆರು ವರ್ಷದ ಹುಡುಗನೊಬ್ಬನನ್ನು ಕರೆತಂದ ತಾಯಿ, ‘ಬೇಕಂತಲೇ ಚಡ್ಡೀಲಿ ಮಾಡ್ಕೋತಾನೆ ಮೇಡಂ, ಎಷ್ಟು ಹೊಡೆದ್ರೂ ಬುದ್ಧಿ ಬರಲ್ಲ’ ಎನ್ನುತ್ತಾರೆಂದುಕೊಳ್ಳಿ. ಒಮ್ಮೆ ಗಟ್ಟಿ ಮಲದಿಂದ ನೋವಾದ ಮಗು ಮತ್ತೆ ಕೂರಲು ಹೆದರಿ ತಡೆಹಿಡಿಯುತ್ತದೆ. ಶಾಲೆಯ ಶೌಚಾಲಯ ಗಲೀಜಾಗಿದ್ದರಂತೂ ದಿನವಿಡೀ ತಡೆಯುತ್ತದೆ. ಮಲ ಕೂಡಿಕೊಂಡು ಗುದನಾಳ ಹಿಗ್ಗಿದಾಗ ಬಂದಿದೆ ಎಂಬ ಅರಿವೇ ಮಗುವಿಗೆ ಮಂದವಾಗಿ, ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ತಾನಾಗಿ ಸೋರುತ್ತದೆ. ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ತಾಯಿಯ ಕೋಪ ಇಳಿಯುತ್ತದೆ, ಹುಡುಗನ ತಲೆಯೂ ಮೇಲೇಳುತ್ತದೆ. ಮಲ ಮೆದುಗೊಳಿಸುವ ಔಷಧಿ ಕೊಡುವುದು ವೈದ್ಯರ ಕೆಲಸ. ಊಟವಾದ ಮೇಲೆ ಕರುಳಿನ ಚಲನೆ ಹೆಚ್ಚುವುದರಿಂದ ಆ ಹೊತ್ತಿಗೆ ಐದರಿಂದ ಹತ್ತು ನಿಮಿಷ ಕೂರುವ ರೂಢಿ ಮಾಡಿಸುವುದು, ಕಮೋಡ್ ಇದ್ದರೆ ಕಾಲಡಿಗೆ ಮಣೆ ಇಡಿಸುವುದು, ಮಲವಾಯಿತೋ ಇಲ್ಲವೋ ಎನ್ನದೆ ಕೂತದ್ದಕ್ಕೇ ಕ್ಯಾಲೆಂಡರಿನಲ್ಲಿ ನಕ್ಷತ್ರ ಅಂಟಿಸುವುದು ಮನಃಶಾಸ್ತ್ರಜ್ಞರ ಪಾಲು.

ಹೊಟ್ಟೆನೋವಿನಲ್ಲಿ ಮನೆಯವರ ವರ್ತನೆಯೇ ಮುಖ್ಯ ಪಾಠ. ಅಮೆರಿಕದ ಮನಃಶಾಸ್ತ್ರಜ್ಞೆ ಲಿನ್ ವಾಕರ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಟ್ಟೆ ತುಂಬ ನೀರು ಕುಡಿದ ಮಕ್ಕಳ ನೋವಿನ ಕಡೆಗೇ ಪೋಷಕರು ಗಮನ ಕೊಟ್ಟಾಗ ದೂರುಗಳು ಹೆಚ್ಚಿದವು, ಬೇರೆ ಮಾತಿಗೆ ಎಳೆದಾಗ ಇಳಿದವು. ಅಮೆರಿಕದವರೇ ಆದ ಸಂಶೋಧಕಿ ರೋನಾ ಲೆವಿ ಮತ್ತು ತಂಡ 2010ರಲ್ಲಿ ಮಗು ಹಾಗೂ ಪೋಷಕರಿಗೆ ಕೇವಲ ಮೂರು ಭೇಟಿಗಳ ಅರಿವು-ವರ್ತನಾ ಚಿಕಿತ್ಸೆಯಿಂದ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ) ಪ್ರಯೋಜನವಾದುದನ್ನು ತೋರಿಸಿದರು. ಅಜ್ಜಿ ದೃಷ್ಟಿ ತೆಗೆದು, ಅಪ್ಪ ಶಾಲೆ ಬಿಡಿಸಿ, ಚಿಕ್ಕಮ್ಮ ಗಂಟೆಗೊಮ್ಮೆ ‘ಈಗ ಹೇಗಿದೆ ಕಂದಾ’ ಎಂದು ಕೇಳುವ ನಮ್ಮ ಮನೆಗಳಲ್ಲಿ ಈ ಪಾಠವನ್ನು ಯಾರನ್ನೂ ನೋಯಿಸದೆ ಹೇಳುವ ಕಲೆಯನ್ನು ವಿದೇಶದ ಕೈಪಿಡಿ ಕಲಿಸುವುದಿಲ್ಲ. ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ನಿಲ್ಲದ ವಾಂತಿ, ಬೆಳವಣಿಗೆ ಕುಂಠಿತವಾಗುವುದು ಇವುಗಳಲ್ಲಿ ಯಾವುದು ಕಂಡರೂ ಮಗುವನ್ನು ತಕ್ಷಣ ವೈದ್ಯರಿಗೆ ಒಪ್ಪಿಸಬೇಕು. ಈ ಪಟ್ಟಿ ಬಾಯಿಪಾಠವಾಗಿರಲಿ.

ಸೀಲಿಯಾಕ್ ಕಾಯಿಲೆ ಗೋಧಿಯೇ ಮುಖ್ಯ ಆಹಾರವಾಗಿರುವ ಉತ್ತರ ಭಾರತದಲ್ಲಿ ಹೆಚ್ಚು. ಇಲ್ಲಿ ಅಪರೂಪವಾದರೂ ಬಂದಾಗ ಮನೆಮಂದಿ ಕಂಗೆಡುತ್ತಾರೆ. ರಾಗಿಮುದ್ದೆಯ ನಾಡಿಗೆ ಒಂದು ಅನುಕೂಲವಿದೆ, ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿಸಿದರೆ ಆ ಅನುಕೂಲವೂ ಹೋಯಿತು. ಎಲ್ಲರೂ ಗೋಧಿ ರವೆಯ ಉಪ್ಪಿಟ್ಟು ತಿನ್ನುವಾಗ ತನ್ನ ಡಬ್ಬಿ ಬಿಚ್ಚುವ ಮಗುವಿನ ನಾಚಿಕೆಯನ್ನು ಆಹಾರಪಟ್ಟಿಯಷ್ಟೇ ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಭಾಷೆಯ ಸಿದ್ಧತೆಯನ್ನೂ ಮರೆಯಬಾರದು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳ ಮಾತು ತೆಲುಗು, ಕೆ.ಜಿ.ಎಫ್‌.ನಲ್ಲಿ ತಮಿಳೂ ಉಂಟು. ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ನೋವನ್ನು ವಿಚಾರಿಸಬೇಕು. ಮುಖಚಿತ್ರಗಳ ನೋವಿನ ಅಳತೆಗೋಲು ಜೊತೆಗಿದ್ದರೆ ಒಳ್ಳೆಯದು.

ಈ ಅನುಭವವನ್ನೇ ಅರ್ಜಿಯ ಪತ್ರದಲ್ಲಿ ಬರೆಯಿರಿ. ‘ಮಕ್ಕಳೆಂದರೆ ನನಗೆ ಪ್ರೀತಿ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಗುರುತು ಮರೆಮಾಚಿದ ಒಂದು ಪ್ರಕರಣವನ್ನು ಹೇಗೆ ಅರ್ಥಮಾಡಿಕೊಂಡಿರಿ, ವೈದ್ಯರೊಂದಿಗೆ ಹೇಗೆ ಹಂಚಿಕೊಂಡಿರಿ ಎಂಬ ಅರ್ಧ ಪುಟ ಸಾಕು. ಮೂರು ಶಿಫಾರಸು ಪತ್ರಗಳನ್ನು ಕೇಳಿದ್ದರೆ ಒಂದನ್ನು ಮಕ್ಕಳ ವೈದ್ಯರಿಂದಲೇ ಬರೆಸಿಕೊಳ್ಳಿ. ಅಮೆರಿಕದಲ್ಲಿ ಅರ್ಜಿಗಳ ಗಡುವು ಬಹುತೇಕ ನವೆಂಬರ್‌ನಿಂದ ಜನವರಿಯೊಳಗೆ ಬಂದು, ತರಬೇತಿ ಮರುವರ್ಷದ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುವುದರಿಂದ, ಪತ್ರ ಬರೆಯುವವರಿಗೆ ದಸರೆಗೆ ಮೊದಲೇ ತಿಳಿಸಿ, ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳ ದೃಢೀಕೃತ ಪ್ರತಿಗಳಿಗೂ ಆಗಲೇ ಅರ್ಜಿ ಹಾಕಿಡುವುದು ಕ್ಷೇಮ.