ಬ್ಲಾಗರ್‌ಗಳ ಕಾನ್ಫರೆನ್ಸಿಗೆ ಹೋಗೋ ಮುಂಚೆ ಏನ್ ರೆಡಿ ಮಾಡ್ಕೋಬೇಕು, ಅಲ್ಲಿ ಏನ್ ಕೇಳ್ಬೇಕು, ಬಂದ್ಮೇಲೆ ಏನ್ ಮಾಡ್ಬೇಕು

ನಾನು ಶಿರಸಿ ಕಡೆಯವಳು, ಸುಮಾರು ವರ್ಷದಿಂದ ನಮ್ಮ ಕಡೆ ಅಡುಗೆ, ಉಪ್ಪಿನಕಾಯಿ, ತೋಟದ ವಿಷ್ಯ ಎಲ್ಲಾ ಕನ್ನಡದಲ್ಲೇ ಬ್ಲಾಗಲ್ಲಿ ಬರೀತಾ ಬಂದಿದೀನಿ. ಇಲ್ಲಿವರೆಗೆ ಎರಡು ಸಲ ಬೆಂಗಳೂರಿಗೆ ಬ್ಲಾಗರ್‌ಗಳ ಕಾನ್ಫರೆನ್ಸಿಗೆ ಅಂತ್ಲೇ ರಾತ್ರಿ ಬಸ್ಸಲ್ಲಿ ಹೋಗಿದೀನಿ. ಮೊದಲ್ನೇ ಸಲ ಹೋಗಿ ಬಂದು ಒಂದು ನೋಟ್‌ಬುಕ್ ತುಂಬಾ ಬರ್ಕೊಂಡು ಬಂದಿದ್ದೆ, ಆದ್ರೆ ಬ್ಲಾಗಲ್ಲಿ ಒಂದಕ್ಷರನೂ ಬದಲಾಗ್ಲಿಲ್ಲ. ಎರಡ್ನೇ ಸಲ ಅರ್ಧ ಪುಟ ಬರ್ಕೊಂಡು ಬಂದೆ, ಬ್ಲಾಗೇ ಬೇರೆ ಆಯ್ತು. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ, ಎರಡ್ನೇ ಸಲ ನಾನು ಡಾಕ್ಟರ ಹತ್ರ ಹೋಗೋ ಥರ ಹೋದೆ, ನನ್ನ ಬ್ಲಾಗಿಗೆ ಏನ್ ಕಾಯಿಲೆ ಅಂತ ಮನೇಲೇ ಪಟ್ಟಿ ಮಾಡ್ಕೊಂಡು. ಕನ್ನಡದಲ್ಲಿ ಬರೆಯೋರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಸ್ಟೇಜ್ ಮೇಲೆ ಮಾತಾಡೋರು ಕೊಡೋ ಉದಾಹರಣೆ ಎಲ್ಲಾ ಇಂಗ್ಲಿಷ್ ಬ್ಲಾಗಿಂದು, ನಮ್ಮ ತೊಂದ್ರೆ ನಾವಾಗೇ ಬಾಯ್ಬಿಟ್ಟು ಹೇಳದೇ ಇದ್ರೆ ಅಲ್ಲಿ ಯಾರಿಗೂ ಹೊಳೆಯಲ್ಲ.

ಮೊದ್ಲು ಯಾವ ಥರದ ಕಾರ್ಯಕ್ರಮ ಅಂತ ನೋಡ್ಕೊಳಿ. ವರ್ಡ್‌ಕ್ಯಾಂಪ್ ಅಂದ್ರೆ ವರ್ಡ್‌ಪ್ರೆಸ್ (ಬ್ಲಾಗ್, ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್) ಬಳಸೋರು ಸೇರೋದು, 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಗಿದ್ದು ಈಗ ಊರೂರಲ್ಲೂ ಆಗತ್ತೆ, ಊರಿನ ವಾಲಂಟಿಯರ್‌ಗಳೇ ನಡೆಸ್ತಾರೆ, ಸ್ಪಾನ್ಸರ್‌ಗಳು ಇರೋದ್ರಿಂದ ಟಿಕೆಟ್ ಕಮ್ಮಿ. ಬಾರ್‌ಕ್ಯಾಂಪ್ ಬೇರೆ ಥರ, ಬೆಂಗಳೂರಲ್ಲಿ ಅದೂ 2006ರಿಂದ ನಡೆದಿದೆ, ಅಲ್ಲಿ ಮೊದಲೇ ಫಿಕ್ಸ್ ಆದ ಭಾಷಣ ಇರಲ್ಲ, ಬೆಳಿಗ್ಗೆ ಯಾರಿಗೆ ಏನ್ ಹೇಳ್ಬೇಕು ಅನ್ಸತ್ತೋ ಅದನ್ನ ಬೋರ್ಡ್ ಮೇಲೆ ಹಾಕ್ತಾರೆ, ಇಷ್ಟ ಇರೋರು ಹೋಗಿ ಕೂರ್ತಾರೆ. ಈ ಥರದ ಕೂಟಗಳಲ್ಲಿ ಎರಡು ಕಾಲಿನ ನಿಯಮ ಅಂತ ಒಂದಿದೆ, ಕೂತಲ್ಲಿ ನಿಮಗೆ ಕಲಿಯೋದೂ ಇಲ್ಲ ಕಲಿಸೋದೂ ಇಲ್ಲ ಅಂದ್ರೆ ನಿಮ್ಮ ಎರಡು ಕಾಲು ಬಳಸಿ ಎದ್ದು ಬೇರೆ ರೂಮಿಗೆ ಹೋಗಿ ಅಂತ. ನಮ್ಮ ಕಡೆ ಒಬ್ರು ಮಾತಾಡುವಾಗ ಎದ್ದು ಹೋಗೋದು ಮರ್ಯಾದೆ ಅಲ್ಲ ಅಂತ ಬೆಳೆದಿರ್ತೀವಿ, ಹಾಗಾಗಿ ನಾನು ಮೊದಲ್ನೇ ಸಲ ನನಗೆ ಸಂಬಂಧನೇ ಇಲ್ಲದ ಒಂದು ಸೆಷನ್ನಲ್ಲಿ ಪೂರ್ತಿ ಕೂತಿದ್ದೆ, ಪಕ್ಕದ ರೂಮಲ್ಲಿ ಫಾಂಟ್ ಬಗ್ಗೆ ನಡೀತಿತ್ತು ಅಂತ ಊಟದ ಹೊತ್ತಿಗೆ ಗೊತ್ತಾಯ್ತು. ಸಂಕೋಚ ಬಿಡಿ, ಬಾಗಿಲ ಹತ್ರದ ಕುರ್ಚೀಲಿ ಕೂತ್ಕೊಳಿ.

ಹೋಗೋ ಮುಂಚಿನ ವಾರ ಒಂದು ಸಂಜೆ ನಿಮ್ಮ ಬ್ಲಾಗನ್ನ ನಿಮ್ಮದಲ್ಲದ ಫೋನಲ್ಲಿ ತೆಗೆದು ನೋಡಿ. ಅತ್ತೆದೋ ತಮ್ಮಂದೋ ಹಳೇ ಫೋನ್ ಆದ್ರೆ ಒಳ್ಳೇದು. ಏನೇನ್ ಕಾಣತ್ತೆ ಅಂತ ಹಾಗೇ ಬರ್ಕೊಳಿ: ಲೋಡ್ ಆಗೋಕೆ ಎಷ್ಟೊತ್ತು ಬೇಕಾಯ್ತು, ಅಕ್ಷರ ಎಲ್ಲಾ ಸರಿಯಾಗಿ ಕಾಣ್ತಾ, ಲಿಂಕ್ ವಾಟ್ಸಾಪಲ್ಲಿ ಕಳ್ಸಿದ್ರೆ ಹೇಗೆ ಹೋಗತ್ತೆ, ಹಳೇ ಪೋಸ್ಟ್ ಹುಡುಕಿದ್ರೆ ಸಿಗತ್ತಾ. ನಾನು ಹೀಗೆ ಮಾಡಿದಾಗ ಏಳು ಸಮಸ್ಯೆ ಸಿಕ್ತು, ಅದ್ರಲ್ಲಿ ಮೂರನ್ನ ಆರಿಸ್ಕೊಂಡು ಸ್ಕ್ರೀನ್‌ಶಾಟ್ ಸಮೇತ ಫೋನಲ್ಲಿ ಇಟ್ಕೊಂಡೆ. ಮೂರು ಸಾಕು. ಇನ್ನೊಂದು ಕೆಲ್ಸ, ಬ್ಲಾಗ್ ಅಡ್ರೆಸ್‌ದು ಕ್ಯೂಆರ್ ಕೋಡ್ ಮಾಡ್ಕೊಂಡು ಹೋಗಿ. ಕನ್ನಡದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಒಬ್ರು ಎರಡು ಎ ಹಾಕ್ತಾರೆ, ಒಬ್ರು ಒಂದೇ ಹಾಕ್ತಾರೆ, ಎಚ್ ಬೇಕಾ ಬೇಡ್ವಾ ಅಂತ ಕೇಳ್ತಾರೆ. ಅಷ್ಟು ಪರಿಚಯ ಮಾಡ್ಕೊಂಡು ಕೊನೆಗೆ ಬ್ಲಾಗ್ ಸಿಗ್ಲೇ ಇಲ್ಲ ಅಂತ ಆಗ್ಬಾರ್ದು.

ಈಗ ಆ ಮೂರು ಸಮಸ್ಯೆ ಹೇಳ್ತೀನಿ, ಯಾಕಂದ್ರೆ ಕನ್ನಡ ಬ್ಲಾಗರ್ಸ್‌ಗೆ ಹೆಚ್ಚುಕಮ್ಮಿ ಎಲ್ರಿಗೂ ಇವೇ ಇರತ್ತೆ.

ಒಂದು, ಒತ್ತಕ್ಷರ ಕತ್ತರಿಸಿ ಹೋಗೋದು. ಹೆಡ್ಡಿಂಗಲ್ಲಿ ರಾಷ್ಟ್ರ, ಸ್ತ್ರೀ ಅಂತ ಬಂದ್ರೆ ಕೆಳಗಿನ ಎರಡ್ನೇ ಒತ್ತು ಮುಂದಿನ ಸಾಲಿಗೆ ತಾಗ್ತಿತ್ತು, ಇಲ್ಲಾ ಅರ್ಧ ಕಾಣ್ತಾನೇ ಇರ್ಲಿಲ್ಲ. ವರ್ಡ್‌ಕ್ಯಾಂಪ್‌ಗಳಲ್ಲಿ ಹ್ಯಾಪಿನೆಸ್ ಬಾರ್ ಅಂತ ಒಂದು ಟೇಬಲ್ ಇಡ್ತಾರೆ, ವರ್ಡ್‌ಪ್ರೆಸ್ ಗೊತ್ತಿರೋರು ಅಲ್ಲಿ ಕೂತಿರ್ತಾರೆ, ಏನ್ ಬೇಕಾದ್ರೂ ಕೇಳ್ಬಹುದು, ದುಡ್ಡಿಲ್ಲ. ನಾನು ಹೋದಾಗ ಒಬ್ಬ ಹುಡ್ಗ ಇದ್ದ, ಕಾಲೇಜು ಮುಗಿಸಿ ಎರಡು ವರ್ಷ ಆಗಿರ್ಬಹುದು ಅಷ್ಟೇ. ಸ್ಕ್ರೀನ್‌ಶಾಟ್ ತೋರ್ಸಿದೆ. "ಅಕ್ಕಾ, ಇದು ಫಾಂಟ್ ತೊಂದ್ರೆ ಅಲ್ಲ, ಸಾಲಿನ ಎತ್ತರ ಇಂಗ್ಲಿಷಿಗೆ ಇಟ್ಟಿದಾರೆ ಅಷ್ಟೇ" ಅಂದ. ಲ್ಯಾಪ್‌ಟಾಪಲ್ಲಿ ನನ್ನ ಬ್ಲಾಗ್ ತೆಗೆದು ಥೀಮಲ್ಲಿ, ಅಂದ್ರೆ ಬ್ಲಾಗ್ ಕಾಣೋ ರೂಪದ ವಿನ್ಯಾಸದಲ್ಲಿ, ಲೈನ್ ಹೈಟ್ ಅನ್ನೋ ಕಡೆ 1.2 ಇದ್ದಿದ್ದನ್ನ 1.8 ಮಾಡ್ದ. ನೋಡ್ತಾ ನೋಡ್ತಾನೇ ಷ್ಟ್ರ ಪೂರ್ತಿ ಇಳಿದು ನಿಂತ್ಕೊಳ್ತು, ಟಾವತ್ತು, ಅದರ ಕೆಳಗೆ ರಾವತ್ತು, ಎರಡೂ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಅಷ್ಟು ಜಾಗ ಬೇಡ, ನಮ್ಮದಕ್ಕೆ ಎರಡಂತಸ್ತು ಬೇಕು, ಥೀಮ್ ಮಾಡಿದೋರಿಗೆ ಅದು ಗೊತ್ತಿರಲ್ಲ. ಇಷ್ಟು ವರ್ಷ ಓದೋರು ಅರ್ಧ ಅಕ್ಷರದಲ್ಲೇ ನನ್ನ ಬರಹ ಓದಿದಾರಲ್ಲ ಅಂತ ಗಂಟಲು ಕಟ್ಟಿ ಬಂತು. ನಿಮಗೂ ಹೀಗಿದ್ರೆ ಮೊದ್ಲು 1.7ರಿಂದ 1.9ರ ಒಳಗೆ ಇಟ್ಟು ನೋಡಿ, ಹೆಡ್ಡಿಂಗಿಗೆ ಬೇರೆ ಸೆಟ್ಟಿಂಗ್ ಇರತ್ತೆ, ಅದನ್ನ ಮರೀಬೇಡಿ. ಫಾಂಟ್ ಬೇಕಿದ್ರೆ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಮೂರೂ ಗೂಗಲ್ ಫಾಂಟ್ಸಲ್ಲಿ ಫ್ರೀ ಸಿಗತ್ತೆ.

ಎರಡು, ಲಿಂಕ್. ಇದು ನನಗೆ ಅರ್ಥವಾದಾಗ ಬಹಳ ಖುಷಿಯಾಗಿತ್ತು, ಸ್ವಲ್ಪ ಬಿಡಿಸಿ ಹೇಳ್ತೀನಿ. ವರ್ಡ್‌ಪ್ರೆಸಲ್ಲಿ ಕನ್ನಡ ತಲೆಬರಹ ಕೊಟ್ರೆ ಲಿಂಕೂ ಅದ್ರಿಂದಲೇ ಆಗತ್ತೆ. ಆದ್ರೆ ಒಳಗೆ ಒಂದೊಂದು ಕನ್ನಡ ಚಿಹ್ನೆನೂ ಶೇಕಡಾ ಗುರುತಿನ ಜೊತೆ 9 ಅಕ್ಷರ ಆಗಿ ಬಿಚ್ಕೊಳತ್ತೆ, ಬರೀ ಕ ಅಲ್ಲ, ಗುಣಿತದ ಕೊಂಬು, ಗುಡಿಸು, ಹಲಂತ ಎಲ್ಲಾ ಬೇರೆ ಬೇರೆ ಲೆಕ್ಕ. ನನ್ನ ಪೋಸ್ಟ್ ಹೆಸರು "ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋ ವಿಧಾನ". ಮೊದಲೆರಡು ಪದದಲ್ಲಿ 19 ಚಿಹ್ನೆ, ಮಧ್ಯ ಒಂದು ಗೆರೆ, ಅಲ್ಲಿಗೇ 172 ಆಯ್ತು. ವರ್ಡ್‌ಪ್ರೆಸ್ ಲಿಂಕಿನ ಈ ಭಾಗಕ್ಕೆ ಕೊಡೋದು 200. ಹಾಗಾಗಿ ಮೂರ್ನೇ ಪದದ ಮಧ್ಯದಲ್ಲೇ ಕತ್ತರಿ ಬಿದ್ದು "ಹಾಕ" ಅಂತ ನಿಂತ್ಬಿಟ್ಟಿತ್ತು, ವಿಧಾನ ಅನ್ನೋದು ಬರ್ಲೇ ಇಲ್ಲ. ಇದನ್ನ ವಾಟ್ಸಾಪಲ್ಲಿ ಕಳ್ಸಿದ್ರೆ ಅರ್ಧ ಸ್ಕ್ರೀನ್ ಬರೀ ಶೇಕಡಾ ಗುರುತು. ನಮ್ಮ ಚಿಕ್ಕಮ್ಮ ಅದನ್ನ ವೈರಸ್ ಅಂತ ತಿಳ್ಕೊಂಡು ಡಿಲೀಟ್ ಮಾಡಿದ್ರಂತೆ. ಪರಿಹಾರ ಸುಲಭ, ತಲೆಬರಹ ಕನ್ನಡದಲ್ಲೇ ಇರ್ಲಿ, ಪಬ್ಲಿಶ್ ಒತ್ತೋ ಮುಂಚೆ ಸ್ಲಗ್ (ಲಿಂಕಿನ ಕೊನೇ ಭಾಗ) ಅನ್ನೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಹಾಕಿ. ಹಳೇ ಪೋಸ್ಟಿನ ಸ್ಲಗ್ ಬದಲಾಯಿಸಿದ್ರೂ ವರ್ಡ್‌ಪ್ರೆಸ್ ಹಳೇ ಲಿಂಕಿಂದ ಹೊಸದಕ್ಕೆ ತಾನೇ ಕಳ್ಸತ್ತೆ, ಭಯ ಬೇಡ.

ಬ್ಲಾಗ್‌ಸ್ಪಾಟಲ್ಲಿ (ಗೂಗಲ್‌ನ ಬ್ಲಾಗ್ ಸೇವೆ) ಇರೋರಿಗೆ ಬೇರೆ ಕಥೆ. ಅಲ್ಲಿ ಕನ್ನಡ ತಲೆಬರಹವನ್ನ ಲಿಂಕಿಗೆ ತಗೊಳ್ಳೋದೇ ಇಲ್ಲ, ಎಲ್ಲಾ ಪೋಸ್ಟೂ ಬ್ಲಾಗ್‌ಪೋಸ್ಟ್ ಅನ್ನೋ ಹೆಸರು ಮತ್ತೆ ಒಂದು ನಂಬರ್ ಆಗ್ಬಿಡತ್ತೆ. ಹಳಬರು ಇದಕ್ಕೆ ಒಂದು ಉಪಾಯ ಮಾಡ್ತಿದ್ರು, ಮೊದ್ಲು ಇಂಗ್ಲಿಷಲ್ಲಿ ತಲೆಬರಹ ಹಾಕಿ ಪಬ್ಲಿಶ್ ಮಾಡಿ ಆಮೇಲೆ ಕನ್ನಡಕ್ಕೆ ಬದಲಾಯಿಸೋದು. ಈಗ ಕಸ್ಟಮ್ ಪರ್ಮಾಲಿಂಕ್ ಅಂತ ಪಕ್ಕದಲ್ಲೇ ಇದೆ, ಅದನ್ನ ಬಳಸಿ. ಹಳೇ ಪೋಸ್ಟಿಗೆ ಬದಲಾಯಿಸೋದಾದ್ರೆ ಮಾತ್ರ ಹುಷಾರು, ಇಲ್ಲಿ ತಾನಾಗೇ ದಾರಿ ತೋರ್ಸಲ್ಲ, ಸೆಟ್ಟಿಂಗಲ್ಲಿ ಕಸ್ಟಮ್ ರೀಡೈರೆಕ್ಟ್ ನೀವೇ ಹಾಕ್ಬೇಕು.

ಮೂರು, ಹುಡುಕಿದ್ರೆ ಸಿಗದೇ ಇರೋದು. ಎಸ್‌ಇಒ (ಗೂಗಲಲ್ಲಿ ಹುಡುಕಿದ್ರೆ ಸಿಗೋ ಹಾಗೆ ಮಾಡೋದು) ಸೆಷನ್ ಒಂದಕ್ಕೆ ಹೋಗಿದ್ದೆ, ಅರ್ಧಕ್ಕರ್ಧ ನಮಗೆ ಬೇಡದ್ದು, ಆದ್ರೆ ಒಂದು ಮಾತು ಹಿಡ್ಕೊಂಡು ಬಂದೆ: ನೀವು ಇಟ್ಟ ಹೆಸರಲ್ಲ, ಓದೋರು ಕರೆಯೋ ಹೆಸರು. ನಾನು ಪತ್ರೊಡೆ ಅಂತೀನಿ, ಇನ್ನೊಬ್ರು ಪತ್ರಡೆ ಅಂತಾರೆ. ಅಪ್ಪೆಮಿಡಿ ಅಂದ್ರೆ ಗೊತ್ತಿಲ್ಲದೋರು ಮಾವಿನ ಮಿಡಿ ಅಂತ ಹುಡುಕ್ತಾರೆ. ಎಷ್ಟೋ ಜನ ಕನ್ನಡನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಾರೆ. ಹಾಗಾಗಿ ಮೊದಲ್ನೇ ಪ್ಯಾರಾದಲ್ಲೇ "ನಮ್ಮ ಕಡೆ ಹೀಗಂತಾರೆ, ಘಟ್ಟದ ಕೆಳಗೆ ಹಾಗಂತಾರೆ" ಅಂತ ಸಹಜವಾಗಿ ಬರ್ದುಬಿಡಿ. ಓದೋಕೂ ಚೆನ್ನಾಗಿರತ್ತೆ.

ಸೆಷನ್ ಮುಗಿದ್ಮೇಲೆ ಪ್ರಶ್ನೆ ಕೇಳೋ ಬಗ್ಗೆ. ಮೈಕ್ ಸಿಕ್ಕಿದ ತಕ್ಷಣ ನಮ್ಮ ಬ್ಲಾಗಿನ ಚರಿತ್ರೆ ಶುರು ಮಾಡ್ಬಾರ್ದು, ಪ್ರಶ್ನೆ ಒಂದೇ ವಾಕ್ಯದಲ್ಲಿ ಮೊದಲೇ ಬರ್ದಿಟ್ಕೊಂಡು ಓದಿದ್ರೂ ತಪ್ಪಿಲ್ಲ. ಇಂಗ್ಲಿಷ್ ಬರಲ್ಲ ಅಂತ ಸುಮ್ನೆ ಕೂರ್ಬೇಡಿ, ಬೆಂಗಳೂರಲ್ಲಿ ಆಗೋ ಕಾರ್ಯಕ್ರಮದಲ್ಲಿ ಕನ್ನಡದಲ್ಲಿ ಕೇಳಿ, ಪಕ್ಕದೋರು ಯಾರಾದ್ರೂ ಹೇಳಿಯೇ ಹೇಳ್ತಾರೆ. ನಾನು ಹಾಗೆ ಕನ್ನಡದಲ್ಲಿ ಕೇಳಿದ್ದಕ್ಕೇ ಹಿಂದಿನ ಸಾಲಿಂದ ಇಬ್ರು ಕನ್ನಡ ಬ್ಲಾಗರ್ಸ್ ಬಂದು ಮಾತಾಡ್ಸಿದ್ರು, ಒಬ್ರು 2005ರಲ್ಲಿ ಸಂಪದ ಅನ್ನೋ ಕನ್ನಡ ಸೈಟ್ ಶುರುವಾದ ಕಾಲದಿಂದ ಬರೀತಿರೋರು. ಊಟಕ್ಕೆ ಒಟ್ಟಿಗೇ ಕೂತ್ವಿ. ಅವತ್ತಿನ ಎಲ್ಲಾ ಸೆಷನ್‌ಗಿಂತ ನನಗೆ ಜಾಸ್ತಿ ಉಪಯೋಗ ಆಗಿದ್ದು ಆ ಊಟದ ಹೊತ್ತು.

ಆ ಸಂಪದದ ಕಾಲದವರು ಹೇಳಿದ್ದು ಇದು. ಗೂಗಲ್ ರೀಡರ್ (ಹಲವು ಬ್ಲಾಗಿನ ಹೊಸ ಪೋಸ್ಟ್ ಒಂದೇ ಕಡೆ ಓದೋ ಜಾಗ) 2013ರ ಜುಲೈಲಿ ಮುಚ್ಚಿದಾಗ ಅವರ ದಿನನಿತ್ಯದ ಓದುಗರು ಎಷ್ಟೋ ಜನ ಎಲ್ಲಿ ಹೋದ್ರು ಅಂತ್ಲೇ ಗೊತ್ತಾಗ್ಲಿಲ್ವಂತೆ. ಆಮೇಲೆ ಫೀಡ್‌ಬರ್ನರ್ ಅನ್ನೋ ಸೇವೆಯಿಂದ ಓದುಗರಿಗೆ ಹೊಸ ಪೋಸ್ಟ್ ಇಮೇಲಲ್ಲಿ ಹೋಗ್ತಿತ್ತು, ಅದೂ 2021ರಲ್ಲಿ ನಿಂತು ಹೋಯ್ತು. ಆದ್ರೆ ಈ ಸಲ ಅವರು ಇಮೇಲ್ ಪಟ್ಟಿ ಮೊದಲೇ ಡೌನ್‌ಲೋಡ್ ಮಾಡಿಟ್ಕೊಂಡಿದ್ರು, ಹಾಗಾಗಿ ಓದುಗರು ಉಳಿದ್ರು. ಕಂಪನಿ ಯಾವ್ದೇ ಇರ್ಲಿ, ಓದುಗರ ಪಟ್ಟಿ ನಮ್ಮ ಕೈಲಿರ್ಬೇಕು, ಬರಹದ ಪ್ರತಿನೂ. ಮನೆಗೆ ಬಂದು ನಾನು ಮಾಡಿದ ಮೊದಲ್ನೇ ಕೆಲ್ಸ ಬ್ಯಾಕಪ್ಪೇ. ವರ್ಡ್‌ಪ್ರೆಸಲ್ಲಿ ಎಕ್ಸ್‌ಪೋರ್ಟ್ ಮಾಡಿದ್ರೆ ಒಂದು ಎಕ್ಸ್‌ಎಮ್‌ಎಲ್ ಫೈಲ್ ಸಿಗತ್ತೆ, ಅದ್ರಲ್ಲಿ ಬರಹ, ಕಾಮೆಂಟ್ ಇರತ್ತೆ, ಫೋಟೋ ಇರಲ್ಲ, ಫೋಟೋದ ಲಿಂಕ್ ಮಾತ್ರ ಇರತ್ತೆ. ಫೋಟೋ ಬೇರೆ ತೆಗೆದಿಡ್ಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಇವತ್ತೇ ನೋಡ್ಕೊಳಿ.

ಸ್ಟಾಲ್‌ಗಳ ಬಗ್ಗೆ ಒಂದು ಮಾತು. ಟೀ ಶರ್ಟು, ಸ್ಟಿಕ್ಕರ್ ತಗೊಳಿ, ಆದ್ರೆ ಅವತ್ತೇ ಹೋಸ್ಟಿಂಗ್ (ಬ್ಲಾಗ್ ಇಡೋಕೆ ಬಾಡಿಗೆ ಜಾಗ) ಕೊಂಡ್ಕೋಬೇಡಿ. ನಾನು ಮೊದಲ್ನೇ ಸಲ ಒಂದು ಕಂಪನಿದು ಆಫರ್ ಅಂತ ತಗೊಂಡೆ, ಮೊದಲ ವರ್ಷ ಕಮ್ಮಿ ಇತ್ತು, ರಿನ್ಯೂವಲ್ ಬಂದಾಗ ಮೂರು ಪಟ್ಟಿಗಿಂತ ಜಾಸ್ತಿ ಆಗಿತ್ತು. ಕೇಳ್ಬೇಕಾದ ಪ್ರಶ್ನೆ ಒಂದೇ, ಎರಡ್ನೇ ವರ್ಷ ಎಷ್ಟು? ಉತ್ತರ ಬರವಣಿಗೇಲಿ ಕೇಳಿ.

ಕಾಂಟ್ರಿಬ್ಯೂಟರ್ ಡೇ, ಅಂದ್ರೆ ಎಲ್ರೂ ಸೇರಿ ವರ್ಡ್‌ಪ್ರೆಸ್‌ಗೆ ಕೆಲ್ಸ ಮಾಡಿಕೊಡೋ ದಿನ ಅಂತ ಇದ್ರೆ ತಪ್ಪಿಸ್ಕೋಬೇಡಿ. ಕೋಡ್ ಬರ್ಬೇಕು ಅಂತೇನಿಲ್ಲ, ವರ್ಡ್‌ಪ್ರೆಸನ್ನ ಕನ್ನಡಕ್ಕೆ ಮಾಡೋ ಟೇಬಲ್ಲಿಗೆ ಹೋಗಿ ಕೂರಿ. ನಾನು ಹೋದಾಗ "ಪೋಸ್ಟ್" ಅನ್ನೋ ಒಂದು ಪದದ ಮೇಲೆ ಅರ್ಧ ಗಂಟೆ ಮಾತಾಯ್ತು. ಅದು ಬರಹ ಅನ್ನೋ ಅರ್ಥದ ಪೋಸ್ಟಾ, ಹಾಕು ಅನ್ನೋ ಅರ್ಥದ ಪೋಸ್ಟಾ ಅಂತ ಆ ಒಂದು ಪದ ನೋಡಿದ್ರೆ ಗೊತ್ತಾಗಲ್ಲ, ಎಲ್ಲಿ ಬರತ್ತೆ ಅಂತ ಹುಡುಕಿ ನೋಡ್ಬೇಕು. ಬಟನ್ ಮೇಲೆ "ಬರಹ" ಅಂತ ಬಂದ್ರೆ ಒತ್ತೋರಿಗೆ ಏನ್ ತಿಳಿಯತ್ತೆ? ನಾವು ದಿನಾ ಬೈಕೊಳ್ಳೋ ವಿಚಿತ್ರ ಕನ್ನಡ ಮೆನುಗಳು ಹೇಗಾಗತ್ತೆ, ಅದನ್ನ ನಾವೇ ಕೂತು ಹೇಗೆ ಸರಿ ಮಾಡ್ಬಹುದು ಅನ್ನೋದು ಅವತ್ತು ಕಣ್ಣಾರೆ ನೋಡಿದೆ. ನಮ್ಮ ಭಾಷೆ ಕೆಲ್ಸ, ನಾವೇ ಮಾಡ್ಬೇಕು.

ಸ್ಲೈಡ್ ಫೋಟೋ ತೆಗೆಯೋದ್ರಲ್ಲೇ ಟೈಮ್ ಕಳೀಬೇಡಿ, ವರ್ಡ್‌ಕ್ಯಾಂಪ್ ಮಾತುಗಳ ವಿಡಿಯೋ ಎಷ್ಟೋ ವರ್ಡ್‌ಪ್ರೆಸ್ ಟಿವಿ ಅನ್ನೋ ಸೈಟಲ್ಲಿ ಸಿಗತ್ತೆ. ಅದ್ರ ಬದಲು ವಾಪಸ್ ಬರೋ ಬಸ್ಸಲ್ಲಿ, ನಿದ್ದೆ ಬರೋ ಮುಂಚೆ, ಯಾರ್ಯಾರು ಸಿಕ್ರು, ಯಾರಿಗೆ ಏನ್ ಕಳಿಸ್ತೀನಿ ಅಂದಿದ್ರಿ ಅಂತ ಬರ್ಕೊಳಿ, ಎರಡು ದಿನದ ಒಳಗೆ ಮೆಸೇಜ್ ಮಾಡಿ, "ಊಟಕ್ಕೆ ಒಟ್ಟಿಗೆ ಕೂತಿದ್ವಲ್ಲ, ಅಪ್ಪೆಮಿಡಿ ಬ್ಲಾಗಿನವಳು" ಅಂತ ಗುರುತು ಸಮೇತ. ಆಮೇಲೆ ವಾರಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಮೊದಲ್ನೇ ವಾರ ಲೈನ್ ಹೈಟ್ ಮತ್ತೆ ಬ್ಯಾಕಪ್, ಎರಡ್ನೇ ವಾರ ಜಾಸ್ತಿ ಓದಿಸ್ಕೊಂಡ ಹತ್ತು ಪೋಸ್ಟಿನ ಲಿಂಕ್, ಮೂರ್ನೇ ವಾರ ಅವುಗಳ ಮೊದಲ ಪ್ಯಾರಾ, ಹೀಗೆ ಮಾಡ್ದೆ.

ಏಳರಲ್ಲಿ ಎರಡು ಇನ್ನೂ ಪಟ್ಟೀಲೇ ಇದೆ. ಒಂದು, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ನಲವತ್ತು ಪೋಸ್ಟನ್ನ ಯೂನಿಕೋಡ್‌ಗೆ (ಈಗ ಎಲ್ಲಾ ಫೋನಲ್ಲೂ ಕಾಣೋ ಅಕ್ಷರ ಪದ್ಧತಿ) ಬದಲಾಯಿಸುವಾಗ ಅರ್ಕಾವತ್ತು ಇರೋ ಪದಗಳೆಲ್ಲಾ ಕಲಸಿ ಹೋಗಿವೆ. ಇನ್ನೊಂದು, ಅಮ್ಮ ಹೇಳಿದ ಅಡುಗೆ ಆಡಿಯೋ ರೆಕಾರ್ಡಿಂಗನ್ನ ಪೋಸ್ಟ್ ಜೊತೆ ಹಾಕಿದ್ರೆ ಪೇಜ್ ನಿಧಾನ ಆಗತ್ತೆ. ಎರಡಕ್ಕೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ, ಮುಂದಿನ ಸಲ ಬಸ್ ಇಳಿದು ಸೀದಾ ಆ ಹ್ಯಾಪಿನೆಸ್ ಬಾರ್ ಟೇಬಲ್ಲಿಗೇ ಹೋಗೋದು.