ಇಂಗ್ಲಿಷ್ ಓದಲು ಬರುತ್ತದೆ, ಮಾತನಾಡಲು ಬಾರದು: ಮನೆಯಲ್ಲೇ ಅಭ್ಯಾಸ ಮಾಡುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಮುಗಿಸಿದ ಎಷ್ಟೋ ಮಂದಿಗೆ ಇಂಗ್ಲಿಷ್ ಪತ್ರಿಕೆ ಅರ್ಥವಾಗುತ್ತದೆ, ಅರ್ಜಿ ಬರೆಯಲೂ ಬರುತ್ತದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಬಾಯಿ ಕಟ್ಟಿಹೋಗುತ್ತದೆ. ಪರೀಕ್ಷೆಗಾಗಿ ಕಣ್ಣಿನಿಂದ ಕಲಿತ ಭಾಷೆಯ ರೂಢಿ ಕಿವಿಗೂ ನಾಲಿಗೆಗೂ ಆಗಿರುವುದಿಲ್ಲ. ಇನ್ನೊಂದು ವ್ಯಾಕರಣ ಪುಸ್ತಕ ಕೊಳ್ಳುವ ಮೊದಲು ಅವೆರಡಕ್ಕೂ ಕೆಲಸ ಕೊಡಿ.

ಪದಗಳು ಸಾಲವು ಎಂಬ ಚಿಂತೆಯೂ ಬೇಡ. ವಾಯ್ಸ್ ಆಫ್ ಅಮೆರಿಕ ರೇಡಿಯೊ 1959ರಲ್ಲಿ ಆರಂಭಿಸಿದ ‘ಸ್ಪೆಷಲ್ ಇಂಗ್ಲಿಷ್’ ಕಾರ್ಯಕ್ರಮ, ಸುಮಾರು 1,500 ಪದಗಳನ್ನು ಆಧಾರವಾಗಿಟ್ಟುಕೊಂಡು ಜಗತ್ತಿನ ಸುದ್ದಿಯನ್ನೆಲ್ಲ ಹೇಳುತ್ತಿತ್ತು. ಶಾಲೆ ಮುಗಿಸಿದವರಿಗೆ ಅಂಥ ಪದಗಳಲ್ಲಿ ಬಹುಪಾಲು ಈಗಾಗಲೇ ಗೊತ್ತಿರುತ್ತವೆ.

ಮೊದಲು ಕಿವಿ. ಬರಹರೂಪವೂ ಸಿಗುವ ಚಿಕ್ಕ ಧ್ವನಿಮುದ್ರಿಕೆಯೊಂದನ್ನು ಆರಿಸಿಕೊಳ್ಳಿ. ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಇದಕ್ಕೆ ಒಳ್ಳೆಯದು. ಇಬ್ಬರು ನಿರೂಪಕರು ಒಂದು ವಿಷಯದ ಮೇಲೆ ಮಾತನಾಡುತ್ತಾರೆ, ಪೂರ್ಣ ಪಠ್ಯ ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪಠ್ಯ ನೋಡದೆ ಎರಡು ಮೂರು ಬಾರಿ ಕೇಳಿ, ಆಮೇಲೆ ಪಠ್ಯ ನೋಡುತ್ತ ಕೇಳಿ. ಕಿವಿಗೆ ತಪ್ಪಿಹೋದ ಪದಗಳಿಗೆ ಗೆರೆ ಎಳೆದರೆ, ಹೆಚ್ಚಿನವು ನಿಮಗೆ ಗೊತ್ತಿದ್ದ ಸಣ್ಣ ಪದಗಳೇ ಎಂದು ತಿಳಿಯುತ್ತದೆ. ಕನ್ನಡದಲ್ಲಿ ನಾವು ಪ್ರತಿ ಅಕ್ಷರವನ್ನೂ ಬಿಡಿಸಿ ನುಡಿಯುತ್ತೇವೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರು ಮುಖ್ಯ ಪದಗಳ ಮೇಲೆ ಒತ್ತು ಹಾಕಿ ಉಳಿದವನ್ನು ನುಂಗುತ್ತಾರೆ. ‘ವಾಟ್ ಡು ಯು’ ಅವರ ಬಾಯಲ್ಲಿ ‘ವಡ್ಯು’ ಆಗಿಬಿಡುತ್ತದೆ. ಇಡೀ ವಾರ ಒಂದೇ ಮುದ್ರಿಕೆಯನ್ನು ಕೇಳಿ. ದಿನಕ್ಕೊಂದು ಹೊಸದನ್ನು ಹುಡುಕುವವರಿಗಿಂತ ನಿಮ್ಮ ಕಿವಿ ಬೇಗ ಪಳಗುತ್ತದೆ.

ಅದೇ ಮುದ್ರಿಕೆಯ ಎಂಟು ಹತ್ತು ವಾಕ್ಯಗಳನ್ನು ಮಾತುಗಾರರ ಬೆನ್ನಿಗೇ, ಅವರ ಏರಿಳಿತದಲ್ಲೇ ಜೋರಾಗಿ ಹೇಳಿ. ಮೊಬೈಲಿನಲ್ಲಿ ನಿಮ್ಮ ದನಿ ಮುದ್ರಿಸಿ, ಮೂಲದ ಜೊತೆ ಹೋಲಿಸಿ, ಒಮ್ಮೆಗೆ ಒಂದೇ ದೋಷ ತಿದ್ದಿಕೊಳ್ಳಿ. ಪದದ ಕೊನೆಗೆ ಸ್ವರ ಸೇರಿಸಿ ‘ಬುಕ್ಕು’, ‘ಬಸ್ಸು’ ಎನ್ನುವುದು, ಆರಂಭದ ‘ಎ’ಕಾರಕ್ಕೆ ಯಕಾರ ಹಚ್ಚಿ ‘ಯೆಗ್’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಲಂಡನ್ನಿನವರಂತೆ ಮಾತನಾಡುವ ಅಗತ್ಯ ಯಾರಿಗೂ ಇಲ್ಲ, ಎದುರಿನವರಿಗೆ ತಿಳಿದರೆ ಸಾಕು.

ಹೆಚ್ಚು ಬೆವರು ಹರಿಸಬೇಕಾದ ಜಾಗ ಪ್ರಶ್ನೆ ಕೇಳುವುದು. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಾಗಿಲ್ಲ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬದಲಿಸಬೇಕು. ಅದಕ್ಕೇ ‘ವೇರ್ ಆರ್ ಯು ಗೋಯಿಂಗ್’ ಎನ್ನಬೇಕಾದವರು ‘ವೇರ್ ಯು ಆರ್ ಗೋಯಿಂಗ್’ ಎನ್ನುತ್ತಾರೆ, ‘ವೆನ್ ಡಿಡ್ ಯು ಕಮ್’ ಎನ್ನುವ ಬದಲು ‘ವೆನ್ ಯು ಕೇಮ್’ ಎನ್ನುತ್ತಾರೆ. ನಿಯಮ ಬಾಯಿಪಾಠ ಮಾಡಿದರೆ ಮಾತಿನ ಹೊತ್ತಿಗೆ ನೆನಪಾಗದು. ದಿನಕ್ಕೆ ಹತ್ತು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ ನಾಲಿಗೆಗೆ ಆ ಕ್ರಮವನ್ನು ಅಂಟಿಸಿಕೊಳ್ಳಿ.

ವಿನಯದ ವಿಷಯದಲ್ಲಿಯೂ ಎಚ್ಚರ ಬೇಕು. ‘ಕೊಡಿ’ ಎಂದಾಗ ನಮ್ಮ ಕ್ರಿಯಾಪದದಲ್ಲೇ ಮರ್ಯಾದೆ ಇರುತ್ತದೆ. ‘ಗಿವ್ ಮಿ’ ಎಂದರೆ ಅಪ್ಪಣೆಯಂತೆ ಕೇಳಿಸುತ್ತದೆ. ‘ಕುಡ್ ಯು’ ಎಂದು ಆರಂಭಿಸಿದರೆ ಅದೇ ಮಾತು ಕೋರಿಕೆಯಾಗುತ್ತದೆ. ಸಂಭಾವಿತರೆನಿಸಿಕೊಂಡ ನಮ್ಮವರು ಹೊರಗಿನವರಿಗೆ ಒರಟರಂತೆ ಕಾಣುವುದು ಇಷ್ಟು ಸಣ್ಣ ಕಾರಣಕ್ಕೆ ಎನ್ನುವುದು ನನಗೆ ನೋವಿನ ಸಂಗತಿ.

ಮಾತನಾಡಲು ಒಬ್ಬ ಜೊತೆಗಾರ ಬೇಕು. ನಗುವವರನ್ನು ದೂರವಿಡಿ, ನಿಮ್ಮಂತೆಯೇ ಕಲಿಯುತ್ತಿರುವ ಗೆಳತಿಯೋ ಸಹೋದ್ಯೋಗಿಯೋ ಸಾಕು. ಇಪ್ಪತ್ತು ನಿಮಿಷ ಮಾತು, ನಡುವೆ ತಿದ್ದುವಂತಿಲ್ಲ, ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಗೆ ಹೇಳಬೇಕು. ಪದ ಹೊಳೆಯದಿದ್ದರೆ ಸುತ್ತು ಬಳಸಿ ಹೇಳಿ. ‘ಸೌಟು’ ಎನ್ನಲು ಇಂಗ್ಲಿಷ್ ಪದ ತೋಚದಿದ್ದರೆ ಸಾರು ಬಡಿಸುವ ದೊಡ್ಡ ಚಮಚ ಎಂದರಾಯಿತು. ಜೊತೆ ಸಿಗದ ದಿನ ಅಡುಗೆ ಮಾಡುತ್ತಲೇ ಮಾಡುತ್ತಿರುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋಗಿ.

ಸ್ವಲ್ಪ ಧೈರ್ಯ ಬಂದ ಮೇಲೆ ಅಪರಿಚಿತರೊಡನೆ ಮಾತನಾಡಬೇಕು. ಮೊಬೈಲ್ ಅಥವಾ ಗ್ಯಾಸ್ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡುವ ಕೆಲಸ ಬಂದಾಗ ಇಂಗ್ಲಿಷ್ ಆಯ್ಕೆಯನ್ನೇ ಒತ್ತಿ. ನಿಮ್ಮ ದೂರನ್ನು ನಾಲ್ಕೈದು ವಾಕ್ಯಗಳಲ್ಲಿ ಮೊದಲೇ ಬರೆದುಕೊಳ್ಳಿ. ಅರ್ಥವಾಗದಿದ್ದರೆ ‘ಕುಡ್ ಯು ಸೇ ದಟ್ ಅಗೇನ್, ಪ್ಲೀಸ್’ ಎಂದು ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ. ಫೋನಿಟ್ಟ ಕೂಡಲೇ, ಹೇಳಲು ತಡವರಿಸಿದ ವಾಕ್ಯವನ್ನು ಪುಸ್ತಕಕ್ಕೆ ಇಳಿಸಿ. ಮಾರನೆಯ ದಿನದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.