ನಿಮಗೆಂದು ನುಡಿದ ಪ್ರವಾದನೆಯನ್ನು ಪರಿಶೋಧಿಸುವ ಬಗೆ

ಉಪವಾಸ ಪ್ರಾರ್ಥನೆಯ ಕೊನೆಯಲ್ಲಿ ಒಬ್ಬರು ನಿಮ್ಮ ತಲೆಯ ಮೇಲೆ ಕೈಯಿಟ್ಟು "ಕರ್ತನು ನಿನಗೆ ಹೀಗೆ ಹೇಳುತ್ತಾನೆ" ಎಂದು ಪ್ರವಾದನೆಯನ್ನು, ಅಂದರೆ ದೇವರ ಹೆಸರಿನಲ್ಲಿ ನುಡಿಯುವ ಮಾತನ್ನು, ಆರಂಭಿಸಿದ ಗಳಿಗೆಯಲ್ಲಿ ಏನನ್ನೂ ತೂಗಿ ನೋಡುವುದು ಸಾಧ್ಯವಾಗದು. ಸುತ್ತಲೂ ಸ್ತುತಿಯ ಧ್ವನಿಯಿರುತ್ತದೆ, ಕಣ್ಣು ತುಂಬಿರುತ್ತದೆ, ಬಹಳ ದಿನ ಕಾದ ಉತ್ತರ ಕೊನೆಗೂ ಬಂತೆಂಬ ನೆಮ್ಮದಿ ಮನಸ್ಸನ್ನು ಆವರಿಸಿರುತ್ತದೆ. ಪರಿಶೋಧನೆ ನಡೆಯಬೇಕಾದದ್ದು ಅನಂತರ, ಮನೆಯಲ್ಲಿ, ಸಾವಧಾನವಾಗಿ. ಹಾಗೆ ಪರಿಶೋಧಿಸಲು ಹೊರಟವರಿಗೆ "ಅಭಿಷಿಕ್ತರನ್ನು ಮುಟ್ಟಬೇಡ" ಎಂಬ 105ನೆಯ ಕೀರ್ತನೆಯ ಮಾತನ್ನು ನೆನಪಿಸಿ ಹೆದರಿಸುವವರಿದ್ದಾರೆ. ಆ ಕೀರ್ತನೆ ಹೇಳುತ್ತಿರುವುದು ಅನ್ಯದೇಶದಲ್ಲಿ ಅಲೆಯುತ್ತಿದ್ದ ಅಬ್ರಹಾಮ ಮೊದಲಾದ ಮೂಲಪಿತೃಗಳನ್ನು ಅರಸರು ಹಿಂಸಿಸದಂತೆ ದೇವರು ಕಾಪಾಡಿದ ಸಂಗತಿಯನ್ನು. ಪ್ರಸಂಗಿಯನ್ನು ಪ್ರಶ್ನಿಸಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯದಲ್ಲಿ, ಪ್ರವಾದನೆಗಳನ್ನು ಹೀನೈಸಬಾರದೆಂಬ ಆಜ್ಞೆಯ ಬೆನ್ನಿಗೇ ಎಲ್ಲವನ್ನೂ ಪರಿಶೋಧಿಸಬೇಕೆಂಬ ಆಜ್ಞೆಯಿದೆ, ಮತ್ತು ಎರಡೂ ಸಭೆಯ ಸಾಮಾನ್ಯ ವಿಶ್ವಾಸಿಗಳಿಗೇ ಕೊಟ್ಟವು.

ಮೊದಲು ಕೇಳಿದ್ದನ್ನು ಬರೆದಿಡಿ. ಅಂದೇ ರಾತ್ರಿ, ಆಡಿದ ಮಾತುಗಳಲ್ಲಿಯೇ, ದಿನಾಂಕದೊಂದಿಗೆ ಬರೆಯಿರಿ. ಯಾರು ಹತ್ತಿರವಿದ್ದರು, ನಿಮ್ಮ ಕಷ್ಟವನ್ನು ಆ ಮೊದಲು ಯಾರಿಗೆಲ್ಲ ಹೇಳಿದ್ದಿರಿ, ಪ್ರಾರ್ಥನಾ ಚೀಟಿಯಲ್ಲಿ ಏನು ಬರೆದುಕೊಟ್ಟಿದ್ದಿರಿ ಎಂಬುದನ್ನೂ ಸೇರಿಸಿರಿ. ಬರೆಯದೆ ಬಿಟ್ಟರೆ ಆರು ತಿಂಗಳಲ್ಲಿ ನೆನಪು ತಾನೇ ಮಾತನ್ನು ತಿದ್ದುತ್ತದೆ: ನೆರವೇರಿದ್ದು ಉಳಿಯುತ್ತದೆ, ನೆರವೇರದ್ದು ಜಾರಿಹೋಗುತ್ತದೆ. ಚೀಟಿಯ ವಿಷಯವನ್ನು ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಪ್ರಸಂಗಿ ಪೀಟರ್ ಪೊಪಾಫ್ ಸಭಿಕರ ಹೆಸರು, ವಿಳಾಸ, ರೋಗಗಳನ್ನು ದೇವರೇ ತಿಳಿಸಿದನೆಂಬಂತೆ ಕರೆದು ಹೇಳುತ್ತಿದ್ದರು. ಜನರು ಮೊದಲೇ ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳಲ್ಲಿದ್ದ ಆ ವಿವರಗಳನ್ನು ಕಿವಿಯಲ್ಲಿದ್ದ ಪುಟ್ಟ ರೇಡಿಯೋ ಉಪಕರಣದ ಮೂಲಕ ಅವರ ಹೆಂಡತಿಯೇ ತಲುಪಿಸುತ್ತಿದ್ದರೆಂಬುದನ್ನು 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಬಯಲು ಮಾಡಿದರು. ಈಗ ಅಷ್ಟು ಏರ್ಪಾಡೂ ಬೇಕಾಗದು; ನಮ್ಮ ಮನೆಯ ಸಂಗತಿಗಳನ್ನು ನಾವೇ ಫೇಸ್‌ಬುಕ್ಕಿನಲ್ಲಿ ಹಾಕಿರುತ್ತೇವೆ. ಆದ್ದರಿಂದ ಗುಟ್ಟು ತಿಳಿದಿತ್ತೆಂಬ ಒಂದೇ ಕಾರಣಕ್ಕೆ ಮಾತು ದೇವರದೆಂದು ತೀರ್ಮಾನಿಸಬೇಡಿರಿ.

ಎರಡನೆಯದಾಗಿ ನಿಮ್ಮ ಹೃದಯವನ್ನು ಪರೀಕ್ಷಿಸಿಕೊಳ್ಳಿರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ನಮ್ಮ ಗಾದೆ ಪ್ರವಾದನೆಯ ವಿಷಯದಲ್ಲಿ ಎಚ್ಚರಿಕೆಯಾಗಬೇಕು. ಮೊದಲನೆಯ ಅರಸುಗಳು 22ರಲ್ಲಿ ಇಸ್ರಾಯೇಲಿನ ಅರಸ ಅಹಾಬನು ರಾಮೋತ್ ಗಿಲ್ಯಾದಿಗೆ ಯುದ್ಧಕ್ಕೆ ಹೋಗಲೇಬೇಕೆಂದು ಮನಸ್ಸು ಮಾಡಿಕೊಂಡ ಮೇಲೆ ಪ್ರವಾದಿಗಳನ್ನು ಕೇಳಿದನು. ಸುಮಾರು ನಾನೂರು ಮಂದಿ ಒಂದೇ ಬಾಯಲ್ಲಿ "ಹೋಗು" ಎಂದರು. ಬೇರೆ ಮಾತಾಡಿದ ಒಬ್ಬನೇ ಪ್ರವಾದಿ ಮೀಕಾಯೆಹುವನ್ನು ಅಹಾಬನು ದ್ವೇಷಿಸಿದ್ದು, ಅವನು ತನಗೆ ಒಳ್ಳೆಯದನ್ನು ಎಂದೂ ನುಡಿಯುವುದಿಲ್ಲವೆಂಬ ಕಾರಣಕ್ಕೆ. ನಿಮಗೆ ಬಂದ ಮಾತು ಇದಕ್ಕೆ ವಿರುದ್ಧವಾಗಿದ್ದಿದ್ದರೆ, ಅದೇ ವ್ಯಕ್ತಿಯ ಬಾಯಿಂದ ಬಂದ ಅದನ್ನು ನೀವು ದೇವರ ಮಾತೆಂದು ಒಪ್ಪುತ್ತಿದ್ದಿರೇ ಎಂದು ಕೇಳಿಕೊಳ್ಳಿರಿ. ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ನೋವಿನ ಕೆಲಸ, ಆದರೂ ಇದನ್ನು ದಾಟಿ ಮುಂದಕ್ಕೆ ಹೋಗಬಾರದು.

ಆಮೇಲೆ ಮಾತು ನಿಮ್ಮನ್ನು ಯಾರ ಕಡೆಗೆ ನಡೆಸುತ್ತದೆಂಬುದನ್ನು ನೋಡಿರಿ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ, ನುಡಿದದ್ದು ನೆರವೇರದಿದ್ದರೆ ಅದು ಯೆಹೋವನ ಮಾತಲ್ಲವೆನ್ನುತ್ತದೆ. ಇದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ 13ನೆಯ ಅಧ್ಯಾಯ ಹೇಳಿದ್ದನ್ನು ಮರೆಯುವವರೇ ಹೆಚ್ಚು: ಮುಂತಿಳಿಸಿದ ಸೂಚಕಕಾರ್ಯ, ಅಂದರೆ ಅದ್ಭುತ, ನೆರವೇರಿದರೂ ಆ ಪ್ರವಾದಿ ಜನರನ್ನು ಬೇರೆ ದೇವರುಗಳ ಕಡೆಗೆ ಎಳೆದರೆ ಅವನಿಗೆ ಕಿವಿಗೊಡಬಾರದು. ಫಿಲಿಪ್ಪಿ ಪಟ್ಟಣದಲ್ಲಿ ದಾಸಿಯೊಬ್ಬಳು ಪೌಲನ ಸಂಗಡಿಗರನ್ನು ಪರಾತ್ಪರನಾದ ದೇವರ ದಾಸರೆಂದು ಕೂಗಿದ್ದು ಅಕ್ಷರಶಃ ನಿಜವೇ ಆಗಿತ್ತು; ಆದರೂ ಪೌಲನು ಅವಳಲ್ಲಿದ್ದ ಆತ್ಮವನ್ನು ಹೊರಡಿಸಿದನು. ಯೇಸುವಿನ ಮೇಲಿನ ಪ್ರೀತಿ ಬೆಳೆಯಿತೋ, ಪ್ರವಾದಿಯ ಮುಂದಿನ ಕೂಟಕ್ಕೆ ಹೋಗಬೇಕೆಂಬ ತವಕ ಬೆಳೆಯಿತೋ ಎಂಬುದು ಒಂದೆರಡು ವಾರಗಳಲ್ಲಿ ನಿಮಗೇ ತಿಳಿಯುತ್ತದೆ.

ಮಾತು ನಿಮ್ಮಿಂದ ಏನನ್ನು ಕೇಳುತ್ತದೆಂಬುದು ಮುಂದಿನ ಪ್ರಶ್ನೆ. ಹಣದ ವಿಷಯದಲ್ಲಿ ಆದಿಸಭೆಯ ಬೋಧನಾಗ್ರಂಥವಾದ ದಿದಾಖೆ ಬಹಳ ನೇರವಾಗಿದೆ: ಆತ್ಮದಲ್ಲಿ ಮಾತಾಡುತ್ತ ತನಗೆ ಹಣ ಕೊಡಿರೆಂದು ಕೇಳುವವನಿಗೆ ಕಿವಿಗೊಡಬಾರದು, ಕೊರತೆಯಲ್ಲಿರುವ ಇತರರಿಗಾಗಿ ಕೇಳಿದರೆ ಅವನನ್ನು ತೀರ್ಪು ಮಾಡಬಾರದು. ಬಾಯಿಗೆ ತುತ್ತು ಹಾಕಿದವರಿಗೆ ಸಮಾಧಾನವನ್ನೂ ಹಾಕದವರಿಗೆ ಯುದ್ಧವನ್ನೂ ಸಾರುವ ಪ್ರವಾದಿಗಳನ್ನು ಪ್ರವಾದಿ ಮೀಕನು ಖಂಡಿಸಿದ್ದೂ ಇದೇ ರೋಗಕ್ಕಾಗಿ. ಕಾಣಿಕೆಯ ಮೊತ್ತವನ್ನೂ ಆಶೀರ್ವಾದದ ಗಡುವನ್ನೂ ಒಟ್ಟಿಗೆ ಹೇಳುವ ಮಾತಿಗೆ ಇನ್ನು ಹೆಚ್ಚಿನ ಪರಿಶೋಧನೆ ಬೇಕಿಲ್ಲ.

ಔಷಧಿಯನ್ನು ನಿಲ್ಲಿಸೆಂದು ಹೇಳುವ ಪ್ರವಾದನೆಯನ್ನು ಯಾವ ಕಾರಣಕ್ಕೂ ಪಾಲಿಸಬೇಡಿರಿ. ಕಾಯಿಲೆಬಿದ್ದ ಅರಸ ಹಿಜ್ಕೀಯನಿಗೆ ಇನ್ನು ಹದಿನೈದು ವರ್ಷ ಆಯುಸ್ಸೆಂದು ದೇವರ ಹೆಸರಿನಲ್ಲಿ ನುಡಿದ ಪ್ರವಾದಿ ಯೆಶಾಯನೇ ಅವನ ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿಸಿದನು. ಸಕ್ಕರೆಕಾಯಿಲೆಯವರು ಇನ್ಸುಲಿನ್ ಬಿಟ್ಟರೆ, ಮೂರ್ಛೆರೋಗಿಗಳು ಗುಳಿಗೆ ಬಿಟ್ಟರೆ ಪ್ರಾಣವೇ ಹೋಗಬಹುದು. ಗುಣವಾಗಿದ್ದರೆ ಅದು ವೈದ್ಯರ ಪರೀಕ್ಷೆಯಲ್ಲಿಯೂ ಕಾಣುತ್ತದೆ. "ಇದನ್ನು ಯಾರಿಗೂ ಹೇಳಬೇಡ" ಎಂಬ ಮಾತನ್ನೂ ಹೀಗೆಯೇ ನೋಡಬೇಕು. ಲೊಯೊಲಾದ ಸಂತ ಇಗ್ನಾಸಿಯವರು 1548ರಲ್ಲಿ ಮುದ್ರಣಗೊಂಡ ತಮ್ಮ ಆತ್ಮಿಕ ಸಾಧನೆಗಳ ನಿಯಮಗಳಲ್ಲಿ, ಆತ್ಮದ ವೈರಿ ತನ್ನ ಪ್ರೇರಣೆಗಳನ್ನು ಗುಟ್ಟಾಗಿಡಬೇಕೆಂದು ಬಯಸುತ್ತಾನೆ, ಅವನ್ನು ಅನುಭವಸ್ಥರ ಮುಂದೆ ತೆರೆದಿಟ್ಟರೆ ಸೋಲುತ್ತಾನೆ ಎಂದಿದ್ದಾರೆ. ಕೊರಿಂಥದ ಸಭೆಗೂ ಪೌಲನ ಕ್ರಮ ಇದೇ: ಇಬ್ಬರೋ ಮೂವರೋ ಪ್ರವಾದಿಸಲಿ, ಉಳಿದವರು ವಿವೇಚಿಸಲಿ. ನಿಮ್ಮನ್ನು ಬಲ್ಲ, ನಿಮ್ಮ ನಿರ್ಧಾರದಿಂದ ಲಾಭವಿಲ್ಲದ ಇಬ್ಬರು ಹಿರಿಯರ ಮುಂದೆ ಬರೆದಿಟ್ಟ ಹಾಳೆಯನ್ನು ಓದಿರಿ. ಮದುವೆಯ ಪ್ರವಾದನೆಯಾಗಿದ್ದರೆ ಇದನ್ನು ತಪ್ಪಿಸಲೇಬೇಡಿರಿ. "ಇವರೇ ನಿನ್ನ ಗಂಡನೆಂದು ಕರ್ತನು ಹೇಳಿದ್ದಾನೆ" ಎಂದ ಮಾತ್ರಕ್ಕೆ ಹೆಣ್ಣುಮಗಳ ಒಪ್ಪಿಗೆ ಬೇಡವಾಗುವುದಿಲ್ಲ.

ಉಳಿದದ್ದು ಕಾಯುವುದು. ಇದಕ್ಕೆ ಯೆರೆಮೀಯ 28ಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಗಿಬ್ಯೋನಿನ ಹನನ್ಯನು ದೇವಾಲಯದಲ್ಲಿ, ಯಾಜಕರೂ ಜನರೂ ನೋಡುತ್ತಿರುವಾಗ, ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ, ಸೆರೆಹೋದವರು ಹಿಂದಿರುಗುತ್ತಾರೆ ಎಂದು ಯೆಹೋವನ ಹೆಸರಿನಲ್ಲಿ ಸಾರಿದನು. ಯೆರೆಮೀಯನು ಒಡನೆಯೇ ಸಿಟ್ಟಾಗಲಿಲ್ಲ. "ಆಮೆನ್, ಯೆಹೋವನು ಹಾಗೆಯೇ ಮಾಡಲಿ" ಎಂದನು. ಅವನೂ ತನ್ನ ಜನರ ಬಿಡುಗಡೆಯನ್ನು ಬಯಸಿದವನೇ. ಸಮಾಧಾನವನ್ನು ನುಡಿಯುವ ಪ್ರವಾದಿಯನ್ನು ಅವನ ಮಾತು ನೆರವೇರಿದಾಗಲೇ ಗುರುತಿಸಬಹುದೆಂದು ನೆನಪಿಸಿದನು. ಬಾಬೆಲಿನ ಅಧೀನತೆಯ ಗುರುತಾಗಿ ಯೆರೆಮೀಯನು ಕುತ್ತಿಗೆಯ ಮೇಲೆ ಹೊತ್ತಿದ್ದ ನೊಗವನ್ನೇ ಹನನ್ಯನು ಕಿತ್ತು ಮುರಿದಾಗಲೂ ಯೆರೆಮೀಯನು ಸುಮ್ಮನೆ ಹೊರಟುಹೋದನು. ಹನನ್ಯನದು ಸುಳ್ಳೆಂಬ ದೇವರ ಮಾತು ಯೆರೆಮೀಯನಿಗೆ ಬಂದದ್ದು ಆ ನಂತರ. ಮುಂದಿನ ಅಧ್ಯಾಯದಲ್ಲಿ ಸೆರೆಯವರಿಗೆ ಅವನು ಬರೆದ ಪತ್ರದಲ್ಲಿ ಎಪ್ಪತ್ತು ವರ್ಷದ ಲೆಕ್ಕವಿದೆ: ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ. ಎರಡೇ ವರ್ಷವೆಂದು ನಂಬಿದವನು ಮನೆ ಕಟ್ಟುವುದಿಲ್ಲ, ಗಿಡ ನೆಡುವುದಿಲ್ಲ. ಸುಳ್ಳು ಪ್ರವಾದನೆಯ ಹಾನಿ ಇಂಥದು. ಅದು ಇಂದಿನ ಕೆಲಸವನ್ನು ಕೈಬಿಡಿಸುತ್ತದೆ. ವಿದೇಶದ ವೀಸಾ ಬರುವುದೆಂಬ ಮಾತನ್ನು ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿರಿ. ಕಾಯುವ ದಿನಗಳಲ್ಲಿ ಬಾಡಿಗೆ ಕಟ್ಟುತ್ತಿರಿ, ಪರೀಕ್ಷೆಗೆ ಓದುತ್ತಿರಿ. ದೇವರ ಮಾತಾಗಿದ್ದರೆ ಇದರಿಂದ ಅದು ತಪ್ಪಿಹೋಗುವುದಿಲ್ಲ.

ಮಾತು ಸುಳ್ಳಾದಾಗ, ನುಡಿದವರ ಬಳಿಗೆ ಹೋಗಿ ಶಾಂತವಾಗಿ ತಿಳಿಸಿರಿ. ತಪ್ಪಿದವನಿಗೂ ವಂಚಕನಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಅಲ್ಲಿಯೇ ಕಾಣುತ್ತದೆ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ರಂದು ನ್ಯಾಯತೀರ್ಪಿನ ದಿನವೆಂದು ಸಾರಿದರು, ಅದು ಕಳೆದ ಮೇಲೆ ಅಕ್ಟೋಬರ್ 21ಕ್ಕೆ ಮುಂದೂಡಿದರು. ಆದರೆ 2012ರಲ್ಲಿ ದಿನವನ್ನು ಗೊತ್ತುಮಾಡಿದ್ದು ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅವರನ್ನು ನಂಬಿ ಉಳಿತಾಯ ಕಳೆದುಕೊಂಡವರ ನಷ್ಟ ಅದರಿಂದ ತುಂಬಲಿಲ್ಲ, ಆದರೂ ಒಪ್ಪಿಕೊಂಡರು. "ನಿನ್ನ ನಂಬಿಕೆ ಸಾಲದೆ ಹೋಯಿತು" ಎಂದು ಹೊರೆಯನ್ನು ಕೇಳಿದವರ ಹೆಗಲಿಗೇ ದಾಟಿಸುವವರಿಂದ ದೂರವಿರಿ.

ನಿಮ್ಮೊಳಗೇ ಒಂದು ಮಾತು ಮೂಡಿ ಅದನ್ನು ಇನ್ನೊಬ್ಬರಿಗೆ ಹೇಳಬೇಕೆನಿಸಿದಾಗಲೂ ಇದೇ ಅಳತೆಯನ್ನು ಬಳಸಿರಿ. "ಕರ್ತನು ಹೇಳಿದನು" ಎಂದು ಆರಂಭಿಸಿದರೆ ಎದುರಿಗಿರುವವರು ಪ್ರಶ್ನಿಸಲು ಹೆದರುತ್ತಾರೆ. "ಪ್ರಾರ್ಥಿಸುವಾಗ ನನಗೆ ಹೀಗೆ ಅನಿಸಿತು, ವಾಕ್ಯದೊಂದಿಗೆ ಹೋಲಿಸಿ ನೋಡಿ, ತಪ್ಪಿದ್ದರೆ ನನಗೆ ತಿಳಿಸಿ" ಎಂದು ಹೇಳಿ, ಅವರು ಏನನ್ನು ನಿರ್ಧರಿಸುತ್ತಾರೋ ಅದನ್ನು ಅವರಿಗೇ ಬಿಟ್ಟುಬಿಡಿ.